ಅವಳು ತೇಯ್ದ ಕೊನೆಯ ಮಸಿ

ತುನ್‌ಶಿ
12 ಸೆಪ್ಟೆಂಬರ್ 1993

ಮಗಳೇ ಮಿನ್‌ಷು,

ನೀನು ಜುಲೈಯಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಳ್ಳಬೇಡ. ಕೈಗೇನೂ ಆಗಿಲ್ಲ, ಕಣ್ಣಿಗೂ ಆಗಿಲ್ಲ, ಊಟ ನಿದ್ದೆ ಸರಿಯಾಗಿದೆ. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ. ಯಾಯಾಳಿಗೆ ಮುಂದಿನ ಹಲ್ಲು ಬಂತೇ? ಅಳಿಯಂದಿರ ಬೆನ್ನುನೋವು ಹೇಗಿದೆ? ನೀನು ಕಳಿಸಿದ ಟೀ ಸೊಪ್ಪು ತಲುಪಿತು. ಅದರಲ್ಲಿ ಅರ್ಧ ಹೋದ ವರ್ಷದ ಸೊಪ್ಪು. ಅಂಗಡಿಯವನು ನಿನ್ನ ಮುಖ ನೋಡಿದ ಕೂಡಲೇ ಇವಳು ಕೇಳುವವಳಲ್ಲ ಎಂದು ತಿಳಿದುಕೊಂಡಿದ್ದಾನೆ. ನಿಮ್ಮಮ್ಮ ಇದ್ದಿದ್ದರೆ, 'ನಿಮಗೆ ಹಾಲಲ್ಲೂ ನೀರು ಕಾಣತ್ತೆ, ನೀರಲ್ಲೂ ನೀರು ಬೆರೆಸಿದ್ದು ಕಾಣತ್ತೆ' ಎಂದು ನನ್ನನ್ನೇ ಆಡಿಕೊಳ್ಳುತ್ತಿದ್ದಳು.

ಈಗ ನಿಜವಾಗಿಯೂ ಒಂದು ಕಡೆ ನೀರು ಕಂಡಿದೆ, ಮಗಳೇ. ಅದನ್ನು ಹೇಳಿಕೊಳ್ಳುವುದಕ್ಕೇ ಈ ಕಾಗದ.

ಜನವರಿಯಲ್ಲಿ ಹಿಮ ಬಿದ್ದ ಬೆಳಿಗ್ಗೆ ನಿಮ್ಮಮ್ಮನನ್ನು ಕುರ್ಚಿ ಸಮೇತ ಎತ್ತಿ ಹಿತ್ತಲ ಬಾಗಿಲಲ್ಲಿ ಕೂರಿಸಿದ್ದೆವಲ್ಲ, ನೀನೂ ಅಲ್ಲೇ ಗಂಜಿ ಕಾಯಿಸುತ್ತ ನಿಂತಿದ್ದೆ. ಬಿದಿರ ಮೆಳೆ ಹಿಮದ ಭಾರಕ್ಕೆ ನೆಲದವರೆಗೂ ಬಾಗಿತ್ತು. 'ಇವತ್ತು ಬರೀರಿ, ಮಸಿ ನಾನು ತೇಯ್ತೀನಿ' ಎಂದಳು. ಬೇಡ ಎಂದರೆ ಕೇಳಲಿಲ್ಲ. ಮಸಿಗಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಸಿಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಂಧ ತೇಯ್ದ ಹಾಗೆ ಒಂದು ಗಂಟೆ ತೇಯ್ದಳು. ನಲವತ್ತಾರು ವರ್ಷ ನನಗೆ ಮಸಿ ತೇಯ್ದವಳು ಅವಳು. ಆದರೆ ಅಂಥ ಕಪ್ಪನ್ನು ನಾನು ಕಂಡಿರಲಿಲ್ಲ. ಕುಂಚ ಅದ್ದಿದರೆ ಎಳೆಯುವುದಕ್ಕೆ ಭಯವಾಗಬೇಕು, ಹಾಗಿತ್ತು. ಹಿಮವನ್ನು ಯಾರೂ ಬರೆಯುವುದಿಲ್ಲ, ಹಾಳೆಯಲ್ಲಿ ಬಿಳಿ ಬಿಡುತ್ತೇವೆ ಅಷ್ಟೆ. ಸುತ್ತ ಇರುವ ಕಪ್ಪು ಎಷ್ಟು ಗಟ್ಟಿಯೋ ಹಿಮಕ್ಕೆ ಅಷ್ಟು ತೂಕ. ಒಂದೇ ಉಸಿರಿನಲ್ಲಿ ಬರೆದೆ. ಒಂಬತ್ತು ದಿನಕ್ಕೆ ಅವಳು ಹೋದಳು. ಈ ಮನೆಯಲ್ಲಿ ಅವಳ ಕೈ ಎಂದು ಉಳಿದಿರುವುದು ಆ ಒಂದು ಚಿತ್ರದ ಮಸಿ ಮಾತ್ರ.

ಆ ಚಿತ್ರವನ್ನು ಮಾರ್ಚ್‌ನಲ್ಲಿ ಲುವೋ ಕೈಗೆ ಕೊಟ್ಟೆ. ನಾನು ಮೀಸೆ ಬಂದಾಗಿನಿಂದ ಬರೆದದ್ದಕ್ಕೆಲ್ಲ ಹಿಂಬದಿ ಹಾಳೆ ಹಚ್ಚಿ ಸುರುಳಿ ಕಟ್ಟಿದವನು ಅವನೇ. ಮೇ ತಿಂಗಳಲ್ಲಿ ಸುರುಳಿ ಬಂತು. ಗೋಡೆಗೆ ತೂಗು ಹಾಕಿ ನೋಡಿದೆ. ಮಸಿ ಸ್ವಲ್ಪ ತೆಳುವಾಗಿ ಕಂಡಿತು. ಅನುಮಾನ ಬರಲಿಲ್ಲ. ನಗಬೇಡ, ಹೆಮ್ಮೆಯಾಯಿತು! ಎಪ್ಪತ್ತು ದಾಟಿದ ಮೇಲೆ ಚಿತ್ರಗಾರನ ಮಸಿ ತಾನಾಗಿಯೇ ಬಡವಾಗುತ್ತದೆ, ಅಹಂಕಾರ ಇಳಿಯುತ್ತದೆ ಎಂದು ಶಿಷ್ಯರಿಗೆ ಪಾಠ ಹೇಳಿದೆ. ಜಿಲ್ಲೆಯ ಪತ್ರಿಕೆಗೆ ಅದೇ ಮಾತನ್ನು ಎರಡು ಪುಟ ಬರೆದೂ ಕಳಿಸಿದೆ.

ಆಗಸ್ಟ್‌ನಲ್ಲಿ ಹೆಫೆಯ್ ಪ್ರದರ್ಶನದಲ್ಲಿ ಅದರ ಮುಂದೆ ಒಬ್ಬ ಹಲ್ಲಿಲ್ಲದ ಮುದುಕ ನಿಂತಿದ್ದ. ಬಹಳ ಹೊತ್ತು ನೋಡಿ, 'ಫಾಂಗ್ ಮೇಷ್ಟ್ರೇ, ಮಸಿ ಏನು ರೇಷನ್ ಚೀಟಿ ಮೇಲೆ ತಗೊಂಬಂದ್ರಾ?' ಎಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ರೈಲಿನಲ್ಲಿ ವಾಪಸು ಬರುವಾಗ ನಗು ಹೋಯಿತು. ನಿಮ್ಮಮ್ಮ ಎರಡು ಕೈಯಲ್ಲಿ ಹಿಡಿದು ತೇಯ್ದ ಕಪ್ಪು ಎಲ್ಲಿ ಹೋಯಿತು?

ನಾನು ಬರೆದದ್ದು ಎರಡು ಪದರದ ಹಾಳೆಯ ಮೇಲೆ. ಕೈ ಪಳಗಿದ ಸುರುಳಿಕಾರ ಅದನ್ನು ನೀರಲ್ಲಿ ನೆನೆಸಿ, ಮೂಲೆಯಲ್ಲಿ ಉಗುರು ಹಾಕಿ, ಬಾಳೆನಾರು ಸೀಳಿದ ಹಾಗೆ ಎರಡು ಮಾಡಬಲ್ಲ. ಮೇಲಿನ ಪದರದಲ್ಲಿ ಮಸಿ ಇದ್ದ ಹಾಗೇ ಇರುತ್ತದೆ, ಕೆಳಗಿನದರಲ್ಲಿ ಇಳಿದಷ್ಟು. ಎರಡೂ ಅಸಲಿಯೇ! ಚಿತ್ರಗಾರನ ಮನೆಯಲ್ಲಿ ಹುಟ್ಟಿದ ನಿನಗೆ ಇದನ್ನೆಲ್ಲ ಹೇಳಬೇಕಿಲ್ಲ, ಸಿಟ್ಟಿಗೆ ಬರೆಯುತ್ತಿದ್ದೇನೆ. ನನ್ನ ಗೋಡೆಯ ಮೇಲಿರುವುದು ಕೆಳಗಿನ ಪದರ. ಮೇಲಿನದನ್ನು ಲುವೋ ನುಂಗಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ನಿನ್ನಿಂದ ಒಂದು ಉಪಕಾರ ಆಗಬೇಕು. ಇಂಥ ಮಾಲು ನೀನಿರುವ ಹಾಂಗ್‌ಝೌಗೇ ಬರುವುದು. ಔಷಧದಂಗಡಿಯ ಕೆಲಸ ಮುಗಿಸಿ ಮನೆಗೆ ಹೋಗುವಾಗ ಸರೋವರದ ಬೀದಿಯ ಚಿತ್ರದಂಗಡಿಗಳಲ್ಲಿ ಸುಮ್ಮನೆ ಇಣುಕಿ ನೋಡು. ಹಿಮದಲ್ಲಿ ಬಾಗಿದ ಬಿದಿರು, ಎಡಕ್ಕೆ ಒಂದು ಕಲ್ಲು, ಕೆಂಡ ಆರಿದ ಇದ್ದಿಲಿನಷ್ಟು ಕಪ್ಪು. ಕಂಡರೆ ಏನೂ ಮಾತಾಡದೆ ನನಗೆ ತಿಳಿಸು. ನಾನೇ ಬರುತ್ತೇನೆ. ನಿನ್ನ ತಮ್ಮ ವೆನ್‌ಹಾಯ್‌ಗೆ ಹೇಳಿದರೆ, 'ಹೋಗ್ಲಿ ಬಿಡಿ ಅಪ್ಪ, ಇನ್ನೊಂದು ಬರೀರಿ' ಎನ್ನುತ್ತಾನೆ. ಇವನಿಗೆ ಇನ್ನೊಬ್ಬ ಅಮ್ಮನನ್ನು ಎಲ್ಲಿಂದ ತರಲಿ?

ನೀವು ಮೂವರೂ ಬೆಚ್ಚಗಿರಿ. ಶರತ್ಕಾಲದ ಗಾಳಿ ಯಾಯಾಳ ಎದೆಗೆ ಆಗುವುದಿಲ್ಲ, ಕುತ್ತಿಗೆಗೆ ಬಟ್ಟೆ ಸುತ್ತು.

ನಿನ್ನ ಅಪ್ಪ
ಫಾಂಗ್ ಯಾನ್‌ಪಿಂಗ್

ಮರೆತಿದ್ದೆ: ಲುವೋಗೆ ನೀನು ಹಬ್ಬಕ್ಕೆ ಕಾಗದ ಬರೆಯುವ ಅಭ್ಯಾಸ ಉಂಟಲ್ಲ, ಈ ಸಲ ಬರೆಯಬೇಡ. ಸುಳಿವು ಸಿಕ್ಕಿದರೆ ಎಚ್ಚರವಾಗುತ್ತಾನೆ.


ತುನ್‌ಶಿ
30 ಸೆಪ್ಟೆಂಬರ್, ಹುಣ್ಣಿಮೆ ಹಬ್ಬ

ಮಗಳೇ,

ಅಷ್ಟು ಉದ್ದದ ಕಾಗದಕ್ಕೆ ನಿನ್ನ ಉತ್ತರ ಎರಡೇ ಸಾಲು. 'ಲುವೋ ಮಾಮನ ಮೇಲೆ ಅನುಮಾನ ಪಡಬೇಡಿ, ಅವರು ನಿಮ್ಮ ಅನ್ನ ಕದಿಯುವವರಲ್ಲ. ಅಂಗಡಿಗಳಲ್ಲಿ ಏನೂ ಇಲ್ಲ.' ಇರಲಿ, ಕೆಲಸ ಜಾಸ್ತಿ ಇರಬೇಕು. ಹಬ್ಬದ ದಿನ ಮಗಳ ಮೇಲೆ ಮುನಿಸು ಬೇಡ ಎಂದು ನಾನೇ ಮತ್ತೆ ಬರೆಯುತ್ತಿದ್ದೇನೆ. ಮಧ್ಯಾಹ್ನ ಬಾತುಕೋಳಿ ಬೇಯಿಸಿದ್ದರು, ಸೊಸೆ ಉಪ್ಪು ಕಡಿಮೆ ಮಾಡಿದ್ದಳು. ಲುವೋ ಚಂದ್ರನ ಹೋಳಿಗೆ ಒಂದು ಡಬ್ಬಿ ಕಳಿಸಿದ್ದಾನೆ, ಪ್ರತಿ ವರ್ಷ ಕಳಿಸಿದ ಹಾಗೆ. ನಾನು ಮುಟ್ಟಲಿಲ್ಲ. ಕದ್ದವನು ಸಿಹಿ ಹಂಚುತ್ತಾನೆ ಎಂದರೆ ಇವನ ಧೈರ್ಯ ನೋಡು.

ಆದರೆ ಈಗ ವಿಷಯ ಲುವೋ ಒಬ್ಬನದೇ ಅಲ್ಲ. ಭೂತಗನ್ನಡಿ ಹಿಡಿದು ಚಿತ್ರದ ಮೂಲೆಯಲ್ಲಿರುವ ನನ್ನ ಮುದ್ರೆಯನ್ನು ನೋಡಿದೆ. ಮುದ್ರೆಯ ಕೆಂಪು ಎಣ್ಣೆಯಲ್ಲಿ ಕಲಸಿದ್ದು, ಕೆಳಗಿನ ಪದರಕ್ಕೆ ಮಸಿ ಇಳಿದ ಹಾಗೆ ಇಳಿಯುವುದಿಲ್ಲ. ಕೆಳಗಿನ ಪದರವಾದರೆ ಅಲ್ಲಿ ಮುದ್ರೆ ಪೇಲವವಾಗಿ ಇರಬೇಕು. ಇಲ್ಲಿ ಮಾತ್ರ ಮದುಮಗಳ ಮುಸುಕಿನ ಹಾಗೆ ಕೆಂಪಗಿದೆ. ಅಂದರೆ ಸೀಳಿದ ಮೇಲೆ ಮತ್ತೆ ಒತ್ತಿದ್ದಾರೆ. ಅದೂ ನೆಟ್ಟಗೆ ಒತ್ತಿದ್ದಾರೆ! ನನ್ನ ಹೆಬ್ಬೆರಳು ಮುರಿದು ಕೂಡಿದ ಮೇಲೆ ನನ್ನ ಮುದ್ರೆ ಎಂದೂ ನೆಟ್ಟಗೆ ಬಿದ್ದಿಲ್ಲ, ಎಡಕ್ಕೆ ವಾಲುತ್ತದೆ. ಇದು ಶಾಲೆಯ ಮಗು ಪ್ರಾರ್ಥನೆಗೆ ನಿಂತ ಹಾಗೆ ನಿಂತಿದೆ. ಕಲ್ಲು ನನ್ನದೇ, ಕೈ ನನ್ನದಲ್ಲ.

ಮುದ್ರೆ ಇರುವುದು ನನ್ನ ಕೋಣೆಯ ಕರ್ಪೂರದ ಮರದ ಪೆಟ್ಟಿಗೆಯಲ್ಲಿ. ಲುವೋ ಮಂಡಿನೋವಿನಿಂದ ನಮ್ಮ ಮೆಟ್ಟಿಲು ಹತ್ತಿ ಮೂರು ವರ್ಷವಾಯಿತು. ಹಾಗಾದರೆ ಮನೆಯೊಳಗೆ ಬಂದು ಹೋಗುವವರು ಯಾರೋ ತೆಗೆದುಕೊಟ್ಟಿದ್ದಾರೆ. ಯಾರು? ಬುಧವಾರ ಬುಧವಾರ ಕಲಿಯಲು ಬರುವ ಶಿಯೆ ಟೀಚರ್ ನೆನಪಾದರು. ಹನ್ನೊಂದು ವರ್ಷದಿಂದ ಬರುತ್ತಾರೆ, ಕೋಣೆಯ ಮೂಲೆ ಮೂಲೆ ಗೊತ್ತು.

ಒಂದು ಉಪಾಯ ಮಾಡಿದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಕುಂಚದ ಒಂದು ಕೂದಲು ಅಂಟಿಸಿ, ಟೀ ಮಾಡಿಕೊಂಡು ಬರುತ್ತೇನೆ ಎಂದು ಕೆಳಗೆ ಹೋದೆ. ಬಂದು ನೋಡಿದರೆ ಕೂದಲು ಇಲ್ಲ.

'ಪೆಟ್ಟಿಗೆ ಯಾಕೆ ಮುಟ್ಟಿದ್ರಿ?' ಎಂದೆ.

'ಧೂಳಿತ್ತು ಗುರುಗಳೇ, ಒರೆಸ್ದೆ. ಅಮ್ಮ ಹೋದ್ಮೇಲೆ ಈ ಕೋಣೆ ಯಾರೂ ಒರೆಸ್ತಿಲ್ಲ ಅನ್ಸತ್ತೆ.'

'ಧೂಳು ಒರೆಸಿದ್ರೋ, ಮುದ್ರೆ ತೆಗೆದ್ರೋ?'

ಆ ಹೆಂಗಸು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. 'ನಿಮ್ಮ ಮುದ್ರೆ ತಗೊಂಡು ನಾನೇನ್ ಮಾಡ್ಲಿ? ನನ್ನ ಚಿತ್ರಕ್ಕೆ ಒತ್ತಿದ್ರೆ ನಿಮ್ಮ ಮಾನ ಹೋಗತ್ತೆ ಅಂತ ಹನ್ನೊಂದು ವರ್ಷದಿಂದ ನೀವೇ ಹೇಳ್ತಿದೀರಲ್ಲ' ಎಂದರು. ಅಷ್ಟು ಹೇಳಿ ಕೊಡೆ ತೆಗೆದುಕೊಂಡು ಹೊರಟುಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರ ಮುಖ ಬೇರೆ ಇರುತ್ತದೆ. ಇವರ ಮುಖ ಹಾಗಿರಲಿಲ್ಲ. ಈ ಬುಧವಾರವೂ ಬರಲಿಲ್ಲ.

ವೆನ್‌ಹಾಯ್ ನನ್ನ ಮೇಲೆ ಹಾರಾಡಿದ. 'ನಾಳೆ ನನ್ನನ್ನೂ ಹಿಡೀತೀರಾ? ಆ ಪೆಟ್ಟಿಗೆ ಬೀಗದ ಕೈ ಗಡಿಯಾರದ ಹಿಂದೆ ಇರೋದು ಗೊತ್ತಿರೋದು ಮೂರೇ ಜನಕ್ಕೆ. ನಿಮಗೆ, ನನಗೆ, ಅಕ್ಕಂಗೆ.' ನಿನ್ನ ಹೆಸರು ಎತ್ತಿದ್ದಕ್ಕೆ ಗದರಿಸಿ ಕಳಿಸಿದೆ.

ಗದರಿಸಿದೆ ನಿಜ. ಆದರೆ ಆಮೇಲೆ ನಿನ್ನ ಎರಡು ಸಾಲನ್ನು ತೆಗೆದು ಮತ್ತೆ ಮತ್ತೆ ಓದುತ್ತಿದ್ದೇನೆ. 'ನಿಮ್ಮ ಅನ್ನ ಕದಿಯುವವರಲ್ಲ' ಎಂದು ಬರೆದಿದ್ದೀಯ. ಅಷ್ಟು ಗಟ್ಟಿಯಾಗಿ ಹೇಗೆ ಗೊತ್ತು ನಿನಗೆ? ಅಂಗಡಿಗಳಲ್ಲಿ ಇಲ್ಲ ಎಂದು ಐದೇ ದಿನದಲ್ಲಿ ಬರೆದೆಯಲ್ಲ, ಆ ಬೀದಿಯಲ್ಲಿ ಮೂವತ್ತು ಅಂಗಡಿ ಉಂಟು, ನೋಡಿದೆಯಾ? ನಾನು ಏನನ್ನೂ ಹೇಳುತ್ತಿಲ್ಲ. ಕೇಳುತ್ತಿದ್ದೇನೆ ಅಷ್ಟೆ. ಏಪ್ರಿಲ್‌ನಲ್ಲಿ ಸಮಾಧಿ ಗುಡಿಸುವ ಹಬ್ಬಕ್ಕೆ ಬಂದು ಐದು ದಿನ ಇದ್ದೆಯಲ್ಲ, ಆಗ ಆ ಪೆಟ್ಟಿಗೆ ತೆರೆದಿದ್ದೆಯಾ? ಹೌದು ಅಥವಾ ಇಲ್ಲ ಎಂದು ಬರೆ. ಎರಡು ಸಾಲು ಬೇಡ, ಒಂದು ಪದ ಸಾಕು.

ಚಂದ್ರ ಬರುವ ಹೊತ್ತಾಯಿತು. ಅಲ್ಲಿಯೂ ಮೋಡ ಇಲ್ಲದಿರಲಿ, ಮೂವರೂ ಒಟ್ಟಿಗೆ ಕೂತು ನೋಡಿ.

ಅಪ್ಪ


ತುನ್‌ಶಿ
24 ಅಕ್ಟೋಬರ್

ಮಿನ್‌ಷು,

ಮೂರು ವಾರ ಕಾದೆ, ನಿನ್ನ ಆ ಒಂದು ಪದ ಬರಲಿಲ್ಲ. ಟಪಾಲಿನವನನ್ನು ದಿನಾ ನಿಲ್ಲಿಸಿ ಕೇಳಿ, ಅವನು ಈಗ ನಮ್ಮ ಬೀದಿಯನ್ನೇ ಬಿಟ್ಟು ಹಿಂದಿನ ಓಣಿಯಲ್ಲಿ ಸೈಕಲ್ ಹೊಡೆಯುತ್ತಾನೆ. ಅವನೂ ಕಾಗದ ಮುಚ್ಚಿಡುತ್ತಿದ್ದಾನೆ ಎಂದುಕೊಂಡಿದ್ದೆ. ಸುಳ್ಳು ಹೇಳಲಾರೆ, ನಿಜವಾಗಿ ಹಾಗೇ ಅಂದುಕೊಂಡಿದ್ದೆ.

ನಿನ್ನೆ ಒಂಬತ್ತನೆಯ ಚಾಂದ್ರಮಾಸದ ಒಂಬತ್ತರ ಹಬ್ಬ. ಎಲ್ಲರೂ ಗುಡ್ಡ ಹತ್ತಲು ಹೋದರು. ನಾನು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಲುವೋ ಅಂಗಡಿಗೆ ಹೋದೆ. ಗೋಡೆಯ ಹಲಗೆಗೆ ಯಾರದೋ ಒದ್ದೆ ಚಿತ್ರ ಅಂಟಿಸಿ ಅಂಚಿಗೆ ಅಂಟು ಸವರುತ್ತಿದ್ದ. ನನ್ನ ಕಂಕುಳು ನೋಡಿದ, ಮುಖ ನೋಡಿದ. ಕುಂಚ ಕೆಳಗಿಡಲಿಲ್ಲ.

'ಬಂದ್ಯಾ? ನಾನು ಜೂನ್‌ನಲ್ಲೇ ಬರ್ತೀಯ ಅಂದ್ಕೊಂಡಿದ್ದೆ' ಎಂದ.

'ಸೀಳಿದ್ಯೇನೋ?' ಎಂದೆ.

'ಹೂಂ ಕಣಯ್ಯ, ಸೀಳ್ದೆ. ನಾನೇ ಸೀಳ್ದೆ. ಇಡೀ ಜನ್ಮದಲ್ಲಿ ಇನ್ನೊಬ್ಬರ ಚಿತ್ರ ಸೀಳಿಲ್ಲ, ಇದೊಂದೇ. ಪೊಲೀಸ್‌ನ ಕರೀತೀಯಾ? ಕರಿ. ಮೊದಲು ಈ ಅಂಚು ಮುಗಿಸ್ಬಿಡ್ತೀನಿ, ಒಣಗಿಹೋಗತ್ತೆ.'

'ಯಾರಿಗೆ ಮಾರ್ದೆ?'

ಆಗ ಕುಂಚ ಕೆಳಗಿಟ್ಟ. 'ಥೂ ನಿನ್ನ! ಮಾರೋದಂತೆ! ನಿನ್ನ ಮಗಳಿಗೆ ಕೊಟ್ಟೆ. ಹಬ್ಬಕ್ಕೆ ಬಂದಿದ್ದಾಗ ಮುದ್ರೆನೂ ಅವಳೇ ತಂದ್ಲು, ಅವಳೇ ಒತ್ತಿದ್ಲು. ಕೈ ನಡುಗಬಾರ್ದು ಅಂತ ಉಸಿರು ಬಿಗಿ ಹಿಡ್ಕೊಂಡು ಒತ್ತಿದ್ಲು. ಅದಕ್ಕೇ ಅಷ್ಟು ನೆಟ್ಟಗೆ ಬಂತು. ಪಾಪ, ಅವಳು ಕೇಳಿದ್ದು ಕೆಳಗಿನ ಪದರ. “ತೆಳೂದೇ ಸಾಕು ಮಾಮ, ಅಪ್ಪಂಗೆ ಒಳ್ಳೇದು ಇರ್ಲಿ” ಅಂದ್ಲು. ಮೇಲಿನದು ಕೊಟ್ಟು, ಕೆಳಗಿನದಕ್ಕೆ ಒತ್ತೋಕೆ ಮುದ್ರೆ ತಾ ಅಂದೋನು ನಾನು.'

'ಯಾಕೆ?'

'ಆ ಕಪ್ಪು ನಿನ್ನದಲ್ಲ. ಅದನ್ನ ತೇಯ್ದೋಳದು. ಕೆಳಗೆ ಇಳಿದಿತ್ತಲ್ಲ, ಕುಂಚ ಒತ್ತಿದ್ದು, ಅದು ನಿನ್ನದು. ನಿನ್ನ ಪಾಲು ನಿನಗೆ ಕೊಟ್ಟಿದೀನಿ. ಇನ್ನೊಂದು ಮಾತು ಹೇಳ್ಲಾ? ನಿನಗೆ ಗೊತ್ತಾಗಲ್ಲ ಅಂತ ನಂಗೆ ಗೊತ್ತಿತ್ತು. ನಾಲ್ಕು ತಿಂಗಳು ಗೋಡೆ ಮೇಲೆ ಹಾಕ್ಕೊಂಡು, ಬಡವ ಮಸಿ, ಅಹಂಕಾರ ಇಳೀತು ಅಂತ ಪತ್ರಿಕೇಲಿ ಬರ್ಕೊಂಡ್ಯಲ್ಲೋ! ಓದಿ ಓದಿ ನನ್ನ ಹೆಂಡ್ತಿ ಹೊಟ್ಟೆ ಹಿಡ್ಕೊಂಡು ನಕ್ಳು.'

ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ, ಮಗಳೇ. ಅವನೇ ಮಣೆ ಎಳೆದು ಕೂರಿಸಿ ಬಿಸಿನೀರು ಕೊಟ್ಟ. ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಎಲ್ಲವನ್ನೂ ಇಲ್ಲಿ ಬರೆಯಲಾರೆ.

ಒಂದೂವರೆ ತಿಂಗಳು ಕಳ್ಳನನ್ನು ಹುಡುಕಿಕೊಡು ಎಂದು ಕಳ್ಳಿಗೇ ಕಾಗದ ಬರೆಯುತ್ತಿದ್ದೆ. ನನ್ನ ಕಾಗದ ಬಂದಾಗ ಏನು ಮಾಡಿದೆ ನೀನು? ಅದನ್ನು ತೆಗೆದು ನೋಡಿಕೊಂಡೆಯಾ, ಇನ್ನೂ ಒಳಗೆ ಬಚ್ಚಿಟ್ಟೆಯಾ? ಯಾಯಾ ಕೇಳಿದರೆ ಅಜ್ಜನ ಚಿತ್ರ ಎಂದೆಯಾ, ಅಜ್ಜಿಯದು ಎಂದೆಯಾ? ನನಗೆ ಕೋಪ ಬಂದಿದೆ. ಬಂದಿಲ್ಲ ಎಂದರೆ ನೀನೂ ನಂಬುವುದಿಲ್ಲ. ಅಪ್ಪನ ಮನೆಯಲ್ಲಿ ಗಡಿಯಾರದ ಹಿಂದಿನಿಂದ ಬೀಗದ ಕೈ ತೆಗೆದು, ಮುದ್ರೆಯನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು, ಹೊಸ್ತಿಲು ದಾಟಿ ಹೋದೆಯಲ್ಲ! ಬಾಯಿಬಿಟ್ಟು ಕೇಳಬಾರದಿತ್ತೇ? ನಾನು ಹುಲಿಯೇ? ಕೇಳಿದ್ದರೆ ಕೊಡುತ್ತಿರಲಿಲ್ಲವೇ?

ಶಿಯೆ ಟೀಚರ ಮನೆಗೆ ಇವತ್ತು ಬೆಳಿಗ್ಗೆ ಹೋಗಿದ್ದೆ. ಬಾಗಿಲಲ್ಲೇ ಕೈ ಜೋಡಿಸಿ ತಪ್ಪಾಯಿತು ಎಂದೆ. ಗುರು ಶಿಷ್ಯೆಗೆ ಕೈ ಜೋಡಿಸಬಾರದು ಎಂದು ಅವರು ಅತ್ತರು, ನಾನು ಅಳಲಿಲ್ಲ. ಬುಧವಾರ ಬರುತ್ತಾರಂತೆ. ಲುವೋನ ಹೋಳಿಗೆ ಡಬ್ಬಿ ತೆಗೆದು ನೋಡಿದೆ, ಬೂಷ್ಟು ಹಿಡಿದಿತ್ತು.

ಈಗ ನಿನಗೆ ಹೇಳಬೇಕಾದದ್ದು. ಚಿತ್ರ ನಿನ್ನ ಹತ್ತಿರವೇ ಇರಲಿ. ವಾಪಸು ಕಳಿಸಿದರೆ ಟಪಾಲಿನವನ ಕೈಯಲ್ಲೇ ಹಿಂತಿರುಗಿಸುತ್ತೇನೆ. ಸೀಳಿದ ಮೇಲೆ ಅದಕ್ಕೆ ಹಿಂಬದಿ ಹಾಳೆ ಹಚ್ಚಿಸದೆ ಹಾಗೇ ಮಡಚಿ ಒಯ್ದೆಯಂತೆ. ಅರ್ಧ ತೆಳುವಾದ ಹಾಳೆ ಮಡಿಕೆಯಲ್ಲಿ ಬಿರಿಯುತ್ತದೆ, ಹುಚ್ಚಿ. ಇವತ್ತೇ ಬಿಡಿಸಿ ಎರಡು ಹಲಗೆಯ ನಡುವೆ ಇಡು. ಔಷಧದಂಗಡಿಯ ಕರ್ಪೂರ ನೇರವಾಗಿ ತಾಗಿಸಬೇಡ. ಹಾಂಗ್‌ಝೌ ಸುರುಳಿಕಾರರ ಕೈಗೆ ಕೊಡಬೇಡ, ಅವರು ಅಂಟಿಗೆ ಏನೇನೋ ಬೆರೆಸುತ್ತಾರೆ. ಚಳಿಗಾಲದಲ್ಲಿ ನೀನೇ ತೆಗೆದುಕೊಂಡು ಬಾ, ಲುವೋ ಕಟ್ಟಿಕೊಡುತ್ತಾನೆ. ಗೋಡೆಯ ಮೇಲೆ ನನ್ನದು, ಹಲಗೆಯ ಮೇಲೆ ನಿನ್ನದು, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಸಲ ನೋಡಬೇಕು ಎನ್ನುವುದೊಂದೇ ನನ್ನ ಆಸೆ. ಆಮೇಲೆ ನಿನ್ನದನ್ನು ನೀನು ಒಯ್ಯು.

ನಿನ್ನ ಮನೆ ತಣ್ಣಗಿರಲಿ. ಅಳಿಯಂದಿರಿಗೆ ಆರೋಗ್ಯ, ಯಾಯಾಳಿಗೆ ವಿದ್ಯೆ, ನಿನಗೆ ನಿನ್ನಮ್ಮನ ತಾಳ್ಮೆ ಇರಲಿ. ನಿನ್ನ ಮೇಲೆ ಕೈಯಿಟ್ಟು ಹರಸುತ್ತಿದ್ದೇನೆ ಎಂದುಕೋ.

ನಿನ್ನ ಅಪ್ಪ
ಯಾನ್‌ಪಿಂಗ್

ಇನ್ನೊಂದು ಮಾತು. ಕೇಳಬಾರದಿತ್ತೇ ಎಂದು ಮೇಲೆ ಬರೆದೆನಲ್ಲ, ಅದನ್ನು ಹೊಡೆದುಹಾಕಬೇಕೆಂದು ಕುಂಚ ಎತ್ತಿ ಸುಮ್ಮನಾದೆ, ಇರಲಿ. ಅದೇ ಮಾತನ್ನು ಲುವೋ ಮುಂದೆಯೂ ಹೇಳಿದ್ದೆ. ಅವನು ನನ್ನನ್ನೇ ನೋಡುತ್ತ, 'ಮೂರು ಸಲ ಕೇಳಿದ್ಲು ಕಣೋ' ಎಂದ. ಮಸಿ ಇನ್ನೂ ಒದ್ದೆಯಿದ್ದಾಗ ಅಮ್ಮನ ಹಾಸಿಗೆಯ ಹತ್ತಿರ ಒಂದು ಸಲವಂತೆ, ನಲವತ್ತೊಂಬತ್ತನೆಯ ದಿನದ ಎಡೆ ಇಡುವಾಗ ಒಂದು ಸಲವಂತೆ, ಏಪ್ರಿಲ್‌ನಲ್ಲಿ ಸಮಾಧಿಯ ಮುಂದೆ ಒಂದು ಸಲ. ಮೂರನೆಯದು ನನಗೆ ನೆನಪಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಚಿತ್ರ ವೆನ್‌ಹಾಯ್ ಮನೆಗೆ ಹೋಗಬೇಕಾದ್ದು ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ಅದಕ್ಕೇ ನಾನು ತಮಾಷೆ ಎಂದುಕೊಂಡೆ. ಮೊದಲಿನ ಎರಡು ಸಲ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ, ಮಿನ್‌ಷು. ನಾನು ಏನೆಂದೆ? ಈ ಮೂವತ್ತೆಂಟು ವರ್ಷದಲ್ಲಿ ಇನ್ನೇನೇನು ಕೇಳಿದ್ದೆ ನೀನು ನನ್ನನ್ನು? ನೆನಪಿದ್ದಷ್ಟನ್ನು ಬರೆದು ಕಳಿಸು. ಎರಡು ಸಾಲಲ್ಲಿ ಮುಗಿಸಬೇಡ.